ಅರ್ಧಕ್ಕೆ ನಿಲ್ಲಿಸಿದ ಕಥೆಗಳು ಮತ್ತು ನನ್ನ ಕೆಮ್ಮು

ಸಂಡೇಸ್ಕೂಲಿನ ಗೋಡೆಗೆ ತೂಗುಹಾಕಿರುವ ಚಿತ್ರಗಳಲ್ಲಿ ಯಾರೂ ಕೆಮ್ಮುವುದಿಲ್ಲ. ಮೋಶೆ ಕೋಲು ಹಿಡಿದು ನೆಟ್ಟಗೆ ನಿಂತಿದ್ದಾನೆ, ಎಲೀಯ ಆಕಾಶದ ಕಡೆ ಕೈಯೆತ್ತಿದ್ದಾನೆ, ಪೇತ್ರನ ಗಡ್ಡ ಈಗಷ್ಟೇ ಬಾಚಿದ ಹಾಗಿದೆ. ಹೂವಿನಹಡಗಲಿಯ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಭಾನುವಾರ ಬೆಳಗ್ಗೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಈ ಚಿತ್ರಗಳನ್ನು ತೋರಿಸಿ ಸತ್ಯವೇದದ ಕಥೆ ಹೇಳುವವಳು ನಾನು. ಉಳಿದ ದಿನಗಳಲ್ಲಿ ಮನೆಯಲ್ಲೇ ಹೊಲಿಗೆ ಮಷಿನ್ ತುಳಿಯುತ್ತೇನೆ. ಹೆಸರು ಮಾರ್ತ. ಸತ್ಯವೇದದ ಮಾರ್ತಳೂ ಅಡುಗೆಮನೆಯಿಂದ ಗೊಣಗುತ್ತಿದ್ದವಳೇ, ನಿನಗೆ ಹೆಸರು ಸರಿಯಾಗಿ ಬಿದ್ದಿದೆ ಎಂದು ನನ್ನ ಗಂಡ ಆಗಾಗ ಕಾಲೆಳೆಯುತ್ತಾನೆ.

ಕಥೆ ಹೇಳುವುದರಲ್ಲಿ ನನ್ನದೊಂದು ಪದ್ಧತಿ ಇತ್ತು: ಗೆದ್ದ ಕಡೆ ನಿಲ್ಲಿಸುವುದು. ಎಲೀಯ ಪ್ರಾರ್ಥಿಸಿದ, ಪರ್ವತದ ಮೇಲೆ ಬೆಂಕಿ ಇಳಿಯಿತು, ಮುಗಿಯಿತು. ಮುದುಕಿ ಸಾರಳಿಗೆ ಮಗ ಹುಟ್ಟಿದ, ಮುಗಿಯಿತು. ಯೋನ ಮೀನಿನ ಹೊಟ್ಟೆಯಿಂದ ಹೊರಗೆ ಬಂದ, ಎಲ್ಲರೂ ಕಣ್ಣು ಮುಚ್ಚಿ, ಕೈ ಮುಗಿಯಿರಿ. ಅದರ ಹಿಂದುಮುಂದಿನ ಹೇಡಿತನ, ಸುಳ್ಳು, ಮುನಿಸು ಇವೆಲ್ಲ ಮಕ್ಕಳಿಗೇಕೆ ಎಂದು ದಾಟಿಸಿಬಿಡುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂರುವ ರೂತ್ ಒಬ್ಬಳು ಮಾತ್ರ ಸುಲಭಕ್ಕೆ ಬಿಡುತ್ತಿರಲಿಲ್ಲ.

"ಆಮ್ಯಾಲ ಏನಾತ್ರಿ, ಟೀಚರ್?"

"ಆಮ್ಯಾಲ ಏನಿಲ್ಲವ್ವ. ಪ್ರಾರ್ಥನಿ ಮಾಡೋಣು."

ರೂತ್ ನನ್ನ ಗೆಳತಿ ದೀನಮ್ಮನ ಮಗಳು. ಮಕ್ಕಳಾಗುವುದೇ ಇಲ್ಲವೆಂದು ಊರೆಲ್ಲ ತೀರ್ಮಾನಿಸಿದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ದೀನಮ್ಮನ ಮನೆ ನಮ್ಮ ಓಣಿಯಲ್ಲೇ. ಅವಳು ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸಲು ಹೋಗುತ್ತಾಳೆ. ನಾವಿಬ್ಬರೂ ಸಣ್ಣವರಿದ್ದಾಗ ಇದೇ ಚಾಪೆಯ ಮೇಲೆ ಕೂತು ಕಥೆ ಕೇಳಿದವರು. ಅವಳಿಗೆ ನಾನು ಮಾರ್ತಿ, ನನಗೆ ಅವಳು ದೀನಿ.

ಕೆಮ್ಮು ಶುರುವಾದಾಗ ನಾನು ಬಟ್ಟೆಯ ಮೇಲೆ ತಪ್ಪು ಹೊರಿಸಿದೆ. ನೂಲಿನ ಧೂಳು, ಹೊಲಿಯುವವರಿಗೆ ಇದ್ದದ್ದೇ. ಸಂಜೆಯ ಹೊತ್ತು ಸಣ್ಣಗೆ ಮೈ ಬಿಸಿಯಾಗುತ್ತಿತ್ತು. ಬಿಸಿಲು ಎಂದೆ. ನಮ್ಮ ಕಡೆ ಯಾವುದಕ್ಕಾದರೂ ಬಿಸಿಲಿನ ಮೇಲೆ ಹೇಳಿದರೆ ನಡೆಯುತ್ತದೆ. ಆದರೆ ಅಳತೆಯ ಟೇಪು ಸುಳ್ಳು ಹೇಳುವುದಿಲ್ಲವಲ್ಲ. ನನ್ನ ಜಂಪರನ್ನು ನಾನೇ ಬದಿಗೆ ಹಿಡಿದು ಹೊಲಿದೆ. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದೆ. ಊರಿನ ಹೆಂಗಸರಿಗೆಲ್ಲ ವರ್ಷ ವರ್ಷ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುವವಳು ನನ್ನದನ್ನು ಮಾತ್ರ ಕಿರಿದು ಮಾಡುತ್ತಾ ಹೋದೆ. ಒಂದು ಬೆಳಗ್ಗೆ ಕೆಮ್ಮು ಬಂದಾಗ ಕೈಗೆ ಸಿಕ್ಕ ಬಿಳಿ ಲೈನಿಂಗ್ ತುಂಡನ್ನು ಬಾಯಿಗೆ ಒತ್ತಿಕೊಂಡೆ. ತೆಗೆದು ನೋಡಿದರೆ ಅದರಲ್ಲಿ ಕೆಂಪು. ಮಷಿನ್ ಮೇಲೆ ಯಾರದೋ ಮದುವೆಯ ಜಂಪರ್ ಇತ್ತು, ಅದಕ್ಕೆ ತಾಗೀತೆಂದು ಮೊದಲು ಅದನ್ನು ಪಕ್ಕಕ್ಕೆ ಸರಿಸಿದ್ದು ನೆನಪಿದೆ.

ಗಂಡ ಸ್ವಾಮಿದಾಸ ಬಸ್ ಕಂಡಕ್ಟರ್. ದಿನವೆಲ್ಲ ಹೊಸಪೇಟೆ, ಹರಪನಹಳ್ಳಿ ಎಂದು ಕೂಗಿ ಕೂಗಿ ಮನೆಗೆ ಬಂದ ಮೇಲೆ ಮಾತಿಗೆ ರಜೆ ಕೊಟ್ಟಿರುತ್ತಾನೆ. ಅಂದು ತುಂಡುಬಟ್ಟೆ ನೋಡಿದವನೇ ಶರ್ಟ್ ಹಾಕಿಕೊಂಡ. "ನಡಿ" ಎಂದ, ಅಷ್ಟೇ.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡಲು ಒಂದು ಪುಟ್ಟ ಡಬ್ಬಿ ಕೈಗಿಟ್ಟು, ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೆಮ್ಮಿ ಬನ್ನಿ ಎಂದರು. ಇಡೀ ವಾರ ಹಗಲಿರುಳು ಬೇಡವೆಂದರೂ ಬರುತ್ತಿದ್ದ ಕೆಮ್ಮು ಆ ಮರದ ಕೆಳಗೆ ಬರಲೇ ಇಲ್ಲ. ನಾನು ಕೆಮ್ಮಲು ಹೆಣಗುವುದನ್ನು ಎದುರು ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ ಬಹಳ ಹೊತ್ತು ನೋಡಿದ. "ಓಡಿ ಬಾರವ್ವಾ ಒಂದ್ ಸುತ್ತ, ತಾನ ಬರ್ತೈತಿ" ಎಂದ. ಅವನ ಕೈಯಲ್ಲೂ ಅಂಥದೇ ಡಬ್ಬಿ ಇತ್ತು. ಆ ದಿನ ನನ್ನ ಪಾಲಿಗೆ ಬಂದ ಮೊದಲ ಕರುಣೆ ಅದು. ಓಡಿದೆ, ಬಂತು.

ಫಲಿತಾಂಶದ ದಿನ ಬೆಂಚಿನ ಮೇಲೆ ಕೂತಿದ್ದಾಗ ಪ್ರತಿಯೊಬ್ಬರ ಹೆಸರು ಕೂಗಿದಾಗಲೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದೆ. ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ. "ಟಿ.ಬಿ. ಇದೆಯಮ್ಮ. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ" ಎಂದರು.

ನಾನು ನಕ್ಕೆ. ಸಣ್ಣಗೆ ಅಲ್ಲ, ಜೋರಾಗಿಯೇ. ಗಂಡ ಮೊಣಕೈಯಿಂದ ತಿವಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಯಾಕಮ್ಮ ನಗ್ತಿದ್ದೀರಿ?" ಎಂದರು.

"ನಾನೆಲ್ಲಿ ನಕ್ಕೇನ್ರಿ ಮೇಡಂ? ನಕ್ಕಿಲ್ರಿ."

ಮನೆಗೆ ಬರುವ ದಾರಿಯಲ್ಲಿ ಆ ಮಾತು ಎಲ್ಲೋ ಕೇಳಿದ್ದು ಅನ್ನಿಸಿತು. ಸಾರಳದ್ದು. ವಯಸ್ಸು ಮೀರಿದವಳಿಗೆ ಮಗ ಹುಟ್ಟುತ್ತಾನೆ ಎಂಬ ಮಾತು ಗುಡಾರದ ಬಾಗಿಲ ಹಿಂದಿನಿಂದ ಕೇಳಿಸಿಕೊಂಡು ನಕ್ಕಳು. ಯಾಕೆ ನಕ್ಕಿ ಎಂದು ಕೇಳಿದರೆ, ನಕ್ಕೇ ಇಲ್ಲ ಎಂದು ದೇವರ ಮುಖದ ಮುಂದೆಯೇ ಸುಳ್ಳು ಹೇಳಿದಳು, ಹೆದರಿಕೆಗೆ. ಇಷ್ಟು ವರ್ಷ ಮಕ್ಕಳಿಗೆ ಆ ಭಾಗ ನಾನು ಹೇಳಿರಲಿಲ್ಲ. ಅವಳು ಸುಳ್ಳು ಹೇಳಿದಳೆಂದು ಕೊಟ್ಟ ಮಾತನ್ನು ದೇವರು ವಾಪಸ್ ತೆಗೆದುಕೊಳ್ಳಲಿಲ್ಲ. ಆಟೋದಲ್ಲಿ ಕೂತು ಅದನ್ನು ನೆನೆದಾಗ ಎದೆಯ ಭಾರ ಒಂದು ತೂಕ ಇಳಿಯಿತು.

ಮನೆಯಲ್ಲಿ ಅದು ಮತ್ತೆ ಏರಿತು. ನನ್ನ ಅತ್ತೆ ಎಲಿಸಮ್ಮ ಗಟ್ಟಿಗಿತ್ತಿ. ಸಭೆಯಲ್ಲಿ ಅವರು ಪ್ರಾರ್ಥನೆಗೆ ನಿಂತರೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಗಡಿಯಾರ ನೋಡುವುದನ್ನು ಬಿಡುತ್ತಾರೆ. ವಿಷಯ ಕೇಳಿ ಅವರು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿದ್ದು.

"ಯಾರ ಮುಂದೂ ಬಾಯಿ ಬಿಡಬ್ಯಾಡ. ಬಟ್ಟಿ ಕೊಡೋರು ನಿಲ್ತಾರ. ನೀರು ಕೊಡೋರೂ ನಿಲ್ತಾರ. ನಿನಗ ಗೊತ್ತಿಲ್ಲ, ನಾ ಕಂಡೀನಿ."

ಏನು ಕಂಡಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೂ ಬೇಕಾದದ್ದು ಅದೇ ಆಗಿತ್ತು. ಸಂಡೇಸ್ಕೂಲಿಗೆ ಮದುವೆ ಬಟ್ಟೆಗಳ ಕೆಲಸ ಹೆಚ್ಚಿದೆ, ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದೆ. ಮಾತ್ರೆ ಕೊಡಲು ಬಂದ ಆಶಾ ಕಾರ್ಯಕರ್ತೆ ರೇಣುಕಮ್ಮ ಜಗಲಿಯ ಮೇಲೆ ಕೂತು, "ಮನ್ಯಾಗ ಸಣ್ಣ ಹುಡುಗ್ರು ಅದಾವೇನ್ರಿ? ಹೊರಗ ಯಾರ ಜೊತಿಗರ ತಾಸುಗಟ್ಲೆ ಒಂದ ಖೋಲ್ಯಾಗ ಕುಂದರ್ತೀರೇನ್ರಿ? ಅವರನ್ನೂ ತೋರಿಸಬೇಕು" ಎಂದು ಕೇಳಿದಳು. ನಮಗೆ ಮಕ್ಕಳಿಲ್ಲ. ಅತ್ತೆ ಬಾಗಿಲ ಸಂದಿಯಿಂದ ನೋಡುತ್ತಿದ್ದರು.

"ಯಾರೂ ಇಲ್ರಿ" ಎಂದೆ.

ಆ ಚಾಪೆ, ಆ ಕೋಣೆ ಕಣ್ಣ ಮುಂದೆ ಬಂದರೂ ಹಾಗೆಂದೆ. ಕಿಟಕಿ ತೆಗೆದಿದ್ದರೆ ಮಕ್ಕಳ ಲಕ್ಷ್ಯ ರಸ್ತೆಯ ಕಡೆ ಹೋಗುತ್ತದೆಂದು ಆ ಕೋಣೆಯ ಕಿಟಕಿಗಳನ್ನು ಪ್ರತಿ ಭಾನುವಾರ ಮುಚ್ಚಿಸುತ್ತಿದ್ದವಳು ನಾನೇ.

ಮಾತ್ರೆಗಳ ಮೊದಲ ದಿನಗಳು ಬಹಳ ಕಷ್ಟದವು. ಮೂತ್ರ ಕೆಂಪಗೆ ಹೋಗುತ್ತದೆ ಎಂದು ಮೊದಲೇ ಹೇಳಿದ್ದರೂ ನೋಡಿದಾಗ ಜೀವ ಹೋದಂತಾಯಿತು. ಅನ್ನದ ವಾಸನೆ ಬಂದರೆ ವಾಂತಿ. ಬದಿಯ ಕೋಣೆಯಲ್ಲಿ ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಒಂದು ಮಧ್ಯಾಹ್ನ, ಸಾಕು ದೇವರೇ, ನನ್ನನ್ನು ಕರೆದುಕೊಂಡು ಬಿಡು ಎಂದು ಬಾಯಿಬಿಟ್ಟೇ ಬೇಡಿಕೊಂಡೆ. ಬೇಡಿದ ಮೇಲೆ ಭಯವಾಯಿತು. ಸಂಡೇಸ್ಕೂಲಿನ ಟೀಚರು ಇಂಥ ಪ್ರಾರ್ಥನೆ ಮಾಡುತ್ತಾಳೆಯೇ?

ಎಲೀಯ ಮಾಡಿದ್ದ. ಬೆಂಕಿ ಇಳಿಸಿದ ಅದೇ ಎಲೀಯ. ಅದರ ಮುಂದಿನ ಪುಟದಲ್ಲೇ ಒಬ್ಬ ರಾಣಿಯ ಬೆದರಿಕೆಗೆ ಅಂಜಿ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಜೀವ ತೆಗೆದುಕೋ ಎಂದಿದ್ದ. ಆ ಪುಟವನ್ನು ನಾನು ಎಷ್ಟೋ ಸಲ ಓದಿದ್ದೆ, ಮಕ್ಕಳಿಗೆ ಎಂದೂ ತೋರಿಸಿರಲಿಲ್ಲ. ದೇವದೂತ ಬಂದು ಅವನಿಗೆ ಬುದ್ಧಿ ಹೇಳಲಿಲ್ಲ. ನಿನ್ನೆಯಷ್ಟೇ ಗೆದ್ದವನು ಇವತ್ತು ಹೀಗೇಕೆ ಎಂದು ಮೂದಲಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ತಲೆಯ ಹತ್ತಿರ ಇಟ್ಟ. ತಿಂದು ಮತ್ತೆ ಮಲಗಿದವನನ್ನು ಮತ್ತೆ ಎಬ್ಬಿಸಿ, ಇನ್ನೂ ತಿನ್ನು, ದಾರಿ ದೂರ ಇದೆ ಎಂದ.

ಅದೇ ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ ಜೋಳದ ರೊಟ್ಟಿಯ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿ, ಒಂದು ತಂಬಿಗೆ ನೀರಿನ ಜೊತೆ ನನ್ನ ತಲೆದಿಂಬಿನ ಹತ್ತಿರ ಇಟ್ಟ. "ತಿನ್ನು. ಮಲ್ಕೋ" ಎಂದ. ಅವನು ಸತ್ಯವೇದ ತೆರೆಯುವುದು ಕ್ರಿಸ್‌ಮಸ್‌ಗೆ ಒಮ್ಮೆ. ನಾನು ಅಳುತ್ತಾ ತಿಂದೆ. ಅಂದು ವಾಂತಿಯಾಗಲಿಲ್ಲ.

ನಿಧಾನಕ್ಕೆ ಜ್ವರ ಇಳಿಯಿತು, ಕೆಮ್ಮು ಕಡಿಮೆಯಾಯಿತು. ಇನ್ನು ಹೊರಗೆ ಓಡಾಡಬಹುದು ಎಂದು ಡಾಕ್ಟರಮ್ಮ ಹೇಳಿದರು. ತಿಂಗಳ ಮೊದಲ ಭಾನುವಾರ ಸಭೆಗೆ ಹೋದೆ. ಅಂದು ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ. ನಮ್ಮಲ್ಲಿ ಎಲ್ಲರೂ ಸಾಲಾಗಿ ಮೊಣಕಾಲೂರಿ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುತ್ತೇವೆ. ಅಯ್ಯನವರು ಪ್ರತಿಯೊಬ್ಬರ ನಂತರ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಮುಂದಿನವರಿಗೆ ಕೊಡುತ್ತಾರೆ. ಡಾಕ್ಟರು ಏನೇ ಹೇಳಲಿ, ಆ ಪಾತ್ರೆಗೆ ಬಾಯಿಡಲು ನನಗೆ ಧೈರ್ಯ ಬರಲಿಲ್ಲ. ಎದ್ದು ಹೋಗದೆ ಜಾಗದಲ್ಲೇ ಕೂತೆ.

ಇದರ ಅರ್ಥ ನಮ್ಮ ಸಭೆಯವರಿಗೆ ಮಾತ್ರ ಗೊತ್ತಾಗುತ್ತದೆ. ಯಾರ ಮೇಲಾದರೂ ಮುನಿಸಿದ್ದರೆ ಮೊದಲು ರಾಜಿಯಾಗಿ ಆಮೇಲೆ ಪಾತ್ರೆಗೆ ಬರಬೇಕು ಎಂಬುದು ಇಲ್ಲಿಯ ಕಟ್ಟಳೆ. ಹಾಗಾಗಿ ಭೋಜನದ ಹಿಂದಿನ ಶನಿವಾರ ಸಂಜೆ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ, ನನ್ನ ಮೇಲೆ ಏನಾದರೂ ಇದೆಯಾ ಎಂದು ಕೇಳಿ ಬರುವುದುಂಟು. ಎದ್ದು ಹೋಗದೆ ಕೂತವಳೆಂದರೆ ಯಾರ ಜೊತೆಗೋ ಜಗಳ ಇಟ್ಟುಕೊಂಡವಳು. ಆರಾಧನೆ ಮುಗಿದ ಮೇಲೆ ಅಯ್ಯನವರೇ ಬಾಗಿಲ ಹತ್ತಿರ ಮೆಲ್ಲಗೆ, "ಮನಸ್ಸಿಗೆ ಏನಾದ್ರೂ ಆಗಿದೆಯೇನಮ್ಮ? ಆರೋಗ್ಯ ಚೆನ್ನಾಗಿದೆ ತಾನೆ?" ಎಂದರು.

"ಆರಾಮದೀನ್ರಿ ಅಯ್ಯನೋರೆ" ಎಂದೆ. ನಿಜ ಮುಚ್ಚಿಟ್ಟದ್ದು ಅದು ಎರಡನೆಯ ಸಲ.

ಮರುತಿಂಗಳ ಭೋಜನ ಹತ್ತಿರ ಬಂತು. ಆ ಶನಿವಾರ ಸಂಜೆ ದೀನಮ್ಮ ಬಂದಳು, ಕೈಯಲ್ಲಿ ಒಂದು ಮೊಳ ಮಲ್ಲಿಗೆ ದಂಡೆ ಹಿಡಿದು. ರೂತ್ ಹಿಂದೆಯೇ ಬಂದು ನನ್ನ ಮಷಿನ್ ಪಕ್ಕ ಕೂತು ಬಟ್ಟೆಯ ಚೂರುಗಳನ್ನು ಆರಿಸತೊಡಗಿದಳು.

"ಲೇ ಮಾರ್ತಿ, ನನ್ನ ಮ್ಯಾಲಿನ ಸಿಟ್ಟಲೇ ನೀ ಹೋದ ಸಲ ಪಾತ್ರಿಗೆ ಬರಲಿಲ್ಲ, ನನಗ ಗೊತ್ತೈತಿ" ಎಂದು ನೆಲದ ಮೇಲೆ ಕೂತಳು. "ನಿನ್ನ ಹೊಲಿಗಿ ಮೊದಲಿನಂಗ ಇಲ್ಲ, ತೋಳು ಬಿಗಿ ಆಗ್ತಾವು ಅಂತ ಪೇಟ್ಯಾಗ ಇನ್ನೊಬ್ಬಾಕಿಗೆ ಹೊಲಿಯಾಕ ಹಾಕಿದ್ದೆ. ಯಾರೋ ನಿನ್ನ ಕಿವಿಗೆ ಹಾಕ್ಯಾರ. ತಪ್ಪಾತು ಬಿಡಲೇ. ಮನಸಿನ್ಯಾಗ ಇಟ್ಕೋಬ್ಯಾಡ."

ನನಗೆ ಅದು ಗೊತ್ತೇ ಇರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ನಾನು ಆಗಲೇ ನಿಜ ಹೇಳಬೇಕಿತ್ತು. ಆದರೆ ಸಿಟ್ಟು ಎಂಬ ನೆಪ ತಾನಾಗಿಯೇ ಕೈಗೆ ಬಂದು ಕೂತಿತ್ತು.

"ಹೋಗ್ಲಿ ಬಿಡಲೇ, ಮರ್ತೀನಿ" ಎಂದುಬಿಟ್ಟೆ. ನನಗೆ ಗೊತ್ತೇ ಇರದ ತಪ್ಪಿಗೆ ಕ್ಷಮೆ ಕೇಳಿದವಳಿಗೆ ದೊಡ್ಡ ಮನಸ್ಸಿನಿಂದ ಕ್ಷಮೆ ಕೊಟ್ಟೆ. ಅವಳು ಹೂವನ್ನು ತಾನೇ ನನ್ನ ಜಡೆಗೆ ಮುಡಿಸಿದಳು.

ಹೊರಡುವಾಗ ರೂತ್ ಕೆಮ್ಮಿದಳು. ಮತ್ತೆ ಕೆಮ್ಮಿದಳು. ದೀನಮ್ಮ ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಅಂದಂಗ ನಿನ್ನ ಕೆಮ್ಮು ಹೆಂಗ ಹೋತಲೇ? ಏನ್ ಔಷಧ ಮಾಡ್ದಿ? ಈಕಿಗೂ ಹಿಡ್ಕೊಂಡೈತಿ, ಭಾಳ ದಿನ ಆತು. ಊಟನೂ ಒಲ್ಲೆ ಅಂತಾಳ."

ಅತ್ತೆ ಒಳಗಿನಿಂದ ಪಾತ್ರೆಯ ಸದ್ದು ನಿಲ್ಲಿಸಿದರು.

"ಶುಂಠಿ, ಜೇನುತುಪ್ಪ" ಎಂದೆ. "ಬರೇ ಧೂಳಿನ ಕೆಮ್ಮು ನಂದು."

ಮೂರನೆಯ ಸಲ. ಕೋಳಿ ಕೂಗಲಿಲ್ಲ. ನಮ್ಮ ಓಣಿಯ ಕೋಳಿಗಳು ಹೊತ್ತುಗೊತ್ತಿಲ್ಲದೆ ಮಟಮಟ ಮಧ್ಯಾಹ್ನವೂ ಕೂಗುತ್ತವೆ, ಅಂದು ಮಾತ್ರ ಸುಮ್ಮನಿದ್ದವು. ಬೇಕಾಗಿಯೂ ಇರಲಿಲ್ಲ. ಜಡೆಯಲ್ಲಿದ್ದ ಹೂವನ್ನು ಬಿಚ್ಚಿ ಪಕ್ಕಕ್ಕಿಟ್ಟೆ.

ಪೇತ್ರ ಚಳಿ ಕಾಯಿಸುತ್ತಾ ಬೆಂಕಿಯ ಹತ್ತಿರ ನಿಂತು, ಯೇಸು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ, ಒಡನೆ ಕೋಳಿ ಕೂಗಿದ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಅವನು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ ಕಡೆ ನಾನು ನಿಲ್ಲಿಸುತ್ತಿದ್ದೆ, ಸುಳ್ಳು ಹೇಳಬಾರದು ಮಕ್ಕಳೇ ಎಂದು. ಆ ಸಂಜೆ ನಾನು ಮುಂದಿನದನ್ನು ಹುಡುಕಿ ತೆರೆದೆ. ಸಮುದ್ರದ ದಡ, ಮತ್ತೊಂದು ಕೆಂಡದ ಬೆಂಕಿ. ಈ ಸಲ ಅದರ ಮೇಲೆ ಮೀನು, ರೊಟ್ಟಿ. ಸತ್ತು ಎದ್ದು ಬಂದ ಯೇಸು ತಾನೇ ಒಲೆ ಹೂಡಿ ಕಾಯುತ್ತಿದ್ದಾನೆ. ಮೊದಲು ಊಟ ಮಾಡಿಸಿದ. ಅಂದು ಯಾಕೆ ಹಾಗೆ ಹೇಳಿದಿ ಎಂದು ಒಂದು ಮಾತೂ ಕೇಳಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಎಂದು ಕೇಳಿದ. ಇದೆ ಎಂದರೆ, ಹಾಗಾದರೆ ನನ್ನ ಕುರಿಮರಿಗಳನ್ನು ಮೇಯಿಸು ಎಂದ.

ಕುರಿಮರಿಗಳು. ನನ್ನ ಕಣ್ಣು ಅಲ್ಲೇ ನಿಂತಿತು. ಆ ಪುಸ್ತಕದಲ್ಲಿ ಒಬ್ಬನಾದರೂ ಚಿತ್ರದಲ್ಲಿರುವಂತೆ ನೆಟ್ಟಗೆ ನಿಂತವನಿದ್ದಿದ್ದರೆ ನಾನು ಅಂದು ಪುಸ್ತಕ ಮುಚ್ಚಿ ಮಲಗಿಬಿಡುತ್ತಿದ್ದೆ. ನನ್ನಂಥವಳಿಗೆ ಇನ್ನೇನು ದಾರಿ ಎಂದು. ಅಲ್ಲಿದ್ದವರೆಲ್ಲ ನನ್ನ ಹಾಗೆಯೇ ಅಂಜುಬುರುಕರು, ಸುಳ್ಳು ಹೇಳಿದವರು. ಅಂಥವರ ಕೈಗೇ ಮತ್ತೆ ಕೆಲಸ ಕೊಟ್ಟಿದ್ದು. ಅದೊಂದೇ ನನಗೆ ಕಾಲಲ್ಲಿ ಶಕ್ತಿ ತುಂಬಿತು.

ಅತ್ತೆಗೆ ಹೇಳಿದೆ, "ನಾಳೆ ದೀನಿ ಮುಂದ ಹೇಳ್ತೀನ್ರಿ ಅತ್ತಿ. ನೀವು ಬೈದ್ರೂ ಸೈ." ಅವರು ಬೈಯಲಿಲ್ಲ, ತಡೆಯಲೂ ಇಲ್ಲ. ಸೆರಗನ್ನು ಬಾಯಿಗೆ ಹಿಡಿದು ಕೂತರು.

ಬೆಳಗ್ಗೆ ಹೋದಾಗ ದೀನಮ್ಮ ಬಾಗಿಲಲ್ಲಿ ಮೊಗ್ಗಿನ ರಾಶಿ ಹಾಕಿಕೊಂಡು ಕಟ್ಟುತ್ತಿದ್ದಳು. ನಾನು ಅಂಗಳದಲ್ಲೇ ನಿಂತೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೆಮ್ಮು ಧೂಳಿನದಲ್ಲ, ಟಿ.ಬಿ. ಶುಂಠಿ ಸುಳ್ಳು. ಪಾತ್ರೆಗೆ ಬಾರದ್ದು ಅದಕ್ಕೆ. ರೂತ್‌ಳನ್ನು ಇವತ್ತೋ ನಾಳೆಯೋ ತೋರಿಸಬೇಕು.

ಅವಳ ಕೈ ನಿಂತಿತು. ನೂಲು ಹಾಗೆಯೇ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು.

"ಮುಚ್ಚಿದ ಖೋಲ್ಯಾಗ ನನ್ನ ಕೂಸಿನ್ನ ಮುಂದ ಕುಂದರಿಸ್ಕೊಂಡು ಕಥಿ ಹೇಳಿದ್ಯೇನಲೇ?"

"ಅವಾಗ ನನಗ ಗೊತ್ತಿರಲಿಲ್ಲ ದೀನಿ."

"ನಿನ್ನೆ ಗೊತ್ತಿತ್ತಲ್ಲ!" ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಿನ್ನೆ ಬಂದು ನಾ ನಿನ್ನ ಕ್ಷಮಾ ಕೇಳಿದೆ. ನೀ ಕೊಟ್ಟಿ ಬ್ಯಾರೆ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊಗ್ಗುಗಳು ಹೊರಗೇ ಉಳಿದವು.

ನಾನು ಅಲ್ಲಿಂದ ನೇರವಾಗಿ ಅಯ್ಯನವರ ಹತ್ತಿರ ಹೋದೆ. ಅಂದು ಆರಾಧನೆಯ ಕೊನೆಗೆ ಎದ್ದು ನಿಂತು, ಸಂಡೇಸ್ಕೂಲಿನ ಎಲ್ಲ ಮಕ್ಕಳನ್ನೂ ಆಸ್ಪತ್ರೆಗೆ ತೋರಿಸಿ ಎಂದು ಹೇಳಿದೆ. ಮುಂದೆ ಕೂತವರು ತಿರುಗಿ ನೋಡಿದರು. ಹಿಂದೆ ಕೂತಿದ್ದೊಬ್ಬಳು ಮಗುವನ್ನೆತ್ತಿಕೊಂಡು ಎದ್ದೇ ಹೋದಳು. ಪ್ರಾರ್ಥನೆ ಇರುವಾಗ ಮಾತ್ರೆ ಯಾಕೆ ಬೇಕಿತ್ತು, ನಂಬಿಕೆ ಸಾಲದು ಎಂದು ಹಿರಿಯರೊಬ್ಬರು ಗೊಣಗಿದರು. ನನಗೆ ರೇಗಿತು. ಸತ್ಯವೇದದ ಹಿಜ್ಕೀಯ ರಾಜನೂ ಕಾಯಿಲೆ ಬಿದ್ದು ನನ್ನಂತೆಯೇ ಗೋಡೆಯ ಕಡೆ ಮುಖ ಮಾಡಿ ಅತ್ತವನು. ದೇವರು ವಾಸಿ ಮಾಡುತ್ತೇನೆಂದು ಮಾತು ಕೊಟ್ಟ ಮೇಲೂ ಪ್ರವಾದಿ ಅವನ ಹುಣ್ಣಿಗೆ ಅಂಜೂರದ ಪಟ್ಟು ಕಟ್ಟಿಸಿದನಲ್ಲ, ಅದೇನು ನಂಬಿಕೆ ಸಾಲದೆಯೋ ಎಂದುಬಿಟ್ಟೆ. ಕಾಯಿಲೆ ನನ್ನ ಬಾಯಿಯನ್ನೇನೂ ಸಣ್ಣದು ಮಾಡಿರಲಿಲ್ಲ.

ಆಗ ನನ್ನ ಅತ್ತೆ ಎದ್ದರು. ಪ್ರಾರ್ಥನೆಗೆ ಇರಬೇಕೆಂದು ಎಲ್ಲರೂ ತಲೆ ತಗ್ಗಿಸಿದರು.

"ನನ್ನ ಗಂಡಗೂ ಇದ ಇತ್ತು" ಎಂದರು. "ದಮ್ಮು ಅಂತ ಹೇಳ್ಕೊಂತ ಬಂದೆ. ಔಷಧಕ್ಕ ಹೋದ್ರ ನಾಕು ಮಂದಿಗೆ ಗೊತ್ತಾಗ್ತೈತಿ ಅಂತ ಮನ್ಯಾಗ ಇಟ್ಕೊಂಡೆ. ಹೋಗಿಬಿಟ್ಟ. ಈಕಿ ಹಂಗ ಮಾಡಿಲ್ಲ." ಕೂತುಬಿಟ್ಟರು. ಅವರ ಜೀವನದ ಅತಿ ಸಣ್ಣ ಪ್ರಾರ್ಥನೆ ಅದೇ ಇರಬೇಕು.

ಮಕ್ಕಳ ಪರೀಕ್ಷೆಯ ಫಲಿತಾಂಶದ ದಿನ ನಾನೂ ಆಸ್ಪತ್ರೆಗೆ ಹೋದೆ. ಯಾರೂ ಕರೆದಿರಲಿಲ್ಲ. ಹಿಂದೆ ನನಗಾಗಿ ಕೂತಿದ್ದ ಅದೇ ಬೆಂಚಿನ ಮೇಲೆ ಕೂತೆ. ಒಂದೊಂದೇ ಮಗುವನ್ನು ಕರೆದರು. ಏನಿಲ್ಲ. ಏನಿಲ್ಲ. ಇದಕ್ಕೂ ಏನಿಲ್ಲ, ಆದರೂ ಬಾರದಂತೆ ಮಾತ್ರೆ ಕೊಡುತ್ತೇವೆ. ದೀನಮ್ಮ ದೂರದ ಕಂಬಕ್ಕೆ ಒರಗಿ ನಿಂತಿದ್ದಳು, ಬೆಂಚಿನಲ್ಲಿ ಜಾಗವಿದ್ದರೂ. ರೂತ್‌ಳ ಹೆಸರು ಕೂಗಿದರು. ಹೊರಗೆ ಬಂದ ದೀನಮ್ಮನ ಮುಖ ನೋಡಿದ ಕೂಡಲೇ ತಿಳಿಯಿತು. ಎಕ್ಸ್‌ರೇಯಲ್ಲಿ ಮಬ್ಬು ಇತ್ತು.

ಡಾಕ್ಟರಮ್ಮ ಬಾಗಿಲವರೆಗೆ ಬಂದರು. ನನ್ನನ್ನೂ ನೋಡಿದರು. "ಯಾರಿಂದ ಬಂತು ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಬೇಗ ಬಂದಿದ್ದೀರಿ, ಅದು ಮುಖ್ಯ. ವಾಸಿಯಾಗ್ತಾಳೆ" ಎಂದರು. ಪಾತ್ರೆಯ ಬಗ್ಗೆ ಕೇಳಿದೆ. ಇದು ಹರಡುವುದು ಕೆಮ್ಮಿದ ಗಾಳಿಯಿಂದ, ಲೋಟ ಪಾತ್ರೆಯಿಂದ ಅಲ್ಲ ಎಂದರು. ನಾನು ಎಷ್ಟೆಲ್ಲ ಜೋಪಾನ ಮಾಡಿದ ಪಾತ್ರೆಗೆ ಏನೂ ಆಗುತ್ತಿರಲಿಲ್ಲ. ಅಪಾಯವಿದ್ದ ಆ ಮುಚ್ಚಿದ ಕಿಟಕಿಗಳ ಮಾತನ್ನೇ ಬಚ್ಚಿಟ್ಟಿದ್ದೆ.

ದೀನಮ್ಮ ನನ್ನ ಜೊತೆ ಮಾತು ಬಿಟ್ಟಳು. ಅದಕ್ಕೆ ನಾನು ಏನನ್ನೂ ಹೇಳುವಂತಿರಲಿಲ್ಲ. ಹೊಲಿಗೆಗೆ ಬರುವವರು ಕಡಿಮೆಯಾದರು. ಆದರೆ ಅತ್ತೆ ಹೆದರಿದಷ್ಟು ಆಗಲಿಲ್ಲ. ಬೇವಿನ ಮರದ ಕೆಳಗೆ ಕಂಡ ಅಜ್ಜ ಯಾರಿಂದಲೋ ನನ್ನ ವಿಳಾಸ ತಿಳಿದುಕೊಂಡು, ಹರಿದ ಕೋಟು ಹೊಲಿಸಿಕೊಳ್ಳಲು ಬಂದ. ಅವನಿಗೂ ವಾಸಿಯಾಗುತ್ತಿತ್ತು.

ಒಂದು ಬೆಳಗ್ಗೆ ಮಾತ್ರೆ ನುಂಗಲು ಜಗಲಿಗೆ ಬಂದರೆ ಅಂಗಳದಲ್ಲಿ ದೀನಮ್ಮ, ಅವಳ ಸೆರಗು ಹಿಡಿದು ರೂತ್. ದೀನಮ್ಮ ನನ್ನ ಕಡೆ ನೋಡದೆ, ಅಂಗಳದಲ್ಲಿದ್ದ ನನ್ನ ಅತ್ತೆಗೆ ಹೇಳಿದಳು, "ಎಲಿಸಮ್ಮಾರ, ಈಕಿ ಔಷಧ ಉಗುಳ್ತಾಳ್ರಿ. ಎಲೀಯಂದು ಆಮ್ಯಾಲ ಏನಾತು ಅಂತ ಟೀಚರು ಹೇಳಿದ್ರ ಕುಡೀತೀನಿ ಅಂತಾಳ. ಹೇಳಸ್ರಿ."

ಹೇಳಿದೆ. ರಾಣಿಗೆ ಹೆದರಿ ಓಡಿದ್ದು, ಗಿಡದ ಕೆಳಗೆ ಅತ್ತದ್ದು, ರೊಟ್ಟಿ, ನೀರು. ರೂತ್ ನೀರಿನಲ್ಲಿ ಕರಗಿಸಿದ ಮಾತ್ರೆಯನ್ನು ಮುಖ ಕಿವಿಚಿಕೊಂಡು ಕುಡಿದಳು. ನಾನು ನನ್ನವನ್ನು ನುಂಗಿದೆ. "ನಂಗೂ ಕೆಂಪಗೆ ಉಚ್ಚಿ ಬರ್ತೈತ್ರಿ" ಎಂದು ಗುಟ್ಟಾಗಿ ಹೇಳಿದಳು. ನನಗೂ ಎಂದೆ. ನಕ್ಕಳು.

ಹಾಗೆ ದಿನವೂ ನಡೆಯಿತು. ಜಗಲಿಯ ಮೇಲೆ ನಾವಿಬ್ಬರು, ಅಂಗಳದ ತುದಿಯಲ್ಲಿ ಆ ಕಡೆ ಮುಖ ಮಾಡಿ ನಿಂತ ದೀನಮ್ಮ. ಬಿಟ್ಟುಹೋದ ಅರ್ಧಗಳನ್ನೆಲ್ಲ ಹೇಳಿದೆ. ನಾಶವಾಗುತ್ತದೆ ಎಂದು ತಾನು ಸಾರಿದ ಊರು ಉಳಿಯಿತೆಂದು ಮುನಿಸಿಕೊಂಡು ಬಿಸಿಲಲ್ಲಿ ಕೂತ ಯೋನನಿಗೆ ರೂತ್ ಬಹಳ ನಕ್ಕಳು, ನಮ್ಮ ಅಪ್ಪನ ಹಾಗೆ ಎಂದಳು. ಸಾರಳ ಸುಳ್ಳಿಗೂ ನಕ್ಕಳು. ಮೂರು ಸಲ ಸುಳ್ಳು ಹೇಳಿದವನಿಗೆ ಯೇಸು ದಡದಲ್ಲಿ ಮೀನು ಸುಟ್ಟುಕೊಟ್ಟದ್ದನ್ನು ಹೇಳಿದ ದಿನ ಅವಳು ನಗಲಿಲ್ಲ. "ಅವಂಗ ಸಿಟ್ಟು ಬಂದಿರಲಿಲ್ಲೇನ್ರಿ?" ಎಂದು ಕೇಳಿದಳು. ಬಂದಿರಬೇಕು ಎಂದೆ. ಅಂಗಳದ ತುದಿಯಲ್ಲಿ ದೀನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಏನೋ, ನಾನು ನೋಡಲು ಹೋಗಲಿಲ್ಲ.

ಮೊದಲು ನನ್ನ ಮಾತ್ರೆ ಮುಗಿದವು. ಆಮೇಲೆ ರೂತ್‌ಳವು. ಅವಳ ಎದೆ ಸ್ವಚ್ಛವಾಗಿದೆ ಎಂದು ಡಾಕ್ಟರಮ್ಮ ಹೇಳಿದ ಸುದ್ದಿಯನ್ನು ಗಂಡ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ಫೋನ್ ಮಾಡಿದ. ನಾನು ಮಷಿನ್ ಮೇಲೆ ತಲೆಯಿಟ್ಟು ಅತ್ತೆ.

ಮುಂದಿನ ಭೋಜನದ ಹಿಂದಿನ ಶನಿವಾರ ಸಂಜೆ ಯಾರೂ ನಮ್ಮ ಮನೆಗೆ ಬರಲಿಲ್ಲ. ನಾನೇ ದೀನಮ್ಮನ ಮನೆಗೆ ಹೋದೆ, ಬಾಗಿಲು ಹಾಕಿತ್ತು. ಅಷ್ಟು ತಿಂಗಳು ಪಾತ್ರೆಗೆ ಹೋಗದವಳು ಆ ಭಾನುವಾರ ಎದ್ದು ಮುಂದೆ ಹೋಗಿ ಮೊಣಕಾಲೂರಿದೆ. ನನ್ನ ಎಡಕ್ಕೆ ಅತ್ತೆ. ಪಾತ್ರೆ ಎಡದಿಂದ ಬಲಕ್ಕೆ ಬರುತ್ತದೆ. ಬಲಗಡೆ, ನನ್ನ ನಂತರ ಕುಡಿಯಬೇಕಾದವರ ಜಾಗ ಖಾಲಿ. ಹಿಂದೆ ಕಾಲುಗಳು ಸರಿದ ಸದ್ದು, ಯಾರೋ ಗಂಟಲು ಸರಿಪಡಿಸಿಕೊಂಡ ಸದ್ದು. ಯಾರೂ ಬರಲಿಲ್ಲ. ಅಯ್ಯನವರು ಪಾತ್ರೆ ಹಿಡಿದು ಅತ್ತೆಯ ಮುಂದೆ ಬಂದರು. ಎದ್ದು ಹೋಗಿಬಿಡಲೇ ಅನ್ನಿಸಿತು.

ಆಗ ಬಲಗಡೆ "ಯವ್ವಾ, ನನ್ನ ಮೊಣಕಾಲ" ಎಂಬ ನರಳಿಕೆ, ಮಲ್ಲಿಗೆಯ ವಾಸನೆ. ನಾನು ತಲೆಯೆತ್ತಲಿಲ್ಲ. ಪಾತ್ರೆ ನನ್ನ ಕೈಗೆ ಬಂತು. ತುಟಿಗೆ ಹಿಡಿದದ್ದು ಕೊಂಚ ಹೆಚ್ಚು ಹೊತ್ತಾಯಿತು. ಅಯ್ಯನವರು ಬಿಳಿ ಬಟ್ಟೆ ಎತ್ತುವುದರೊಳಗೆ ಒರಟು ಬೆರಳುಗಳು ಬಂದು ಪಾತ್ರೆಯನ್ನು ಹಿಡಿದುಕೊಂಡವು. ಎಷ್ಟೋ ತಿಂಗಳ ಮೇಲೆ ನನಗೆಂದೇ ಆಡಿದ ಮಾತು ಕಿವಿಯ ಹತ್ತಿರ ಕೇಳಿತು:

"ಸಾಕು ಕೊಡಲೇ ಮಾರ್ತಿ, ಎಲ್ಲಾ ನೀನ ಕುಡೀಬ್ಯಾಡ. ನನಗೂ ಒಂದೀಟು ಇಡು."